ಇನ್ನೊಬ್ಬರ ಪಾಲಿನ ಪಾಠ

ಮತ್ತೆ ಓದಲು ಹೋಗುವ ಹೊತ್ತಿಗೆ ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಹತ್ತಿರ ಹತ್ತಿರ ಹತ್ತು ವರ್ಷ ಕೆಲಸ ಮಾಡಿದ್ದೆ. ನಮ್ಮದು ಹೊಳೆನರಸೀಪುರ. ಮಾವನವರ ಕಾಲದಿಂದ ಭತ್ತದ ಗದ್ದೆ, ಗಂಡನದು ತೆಂಗಿನಕಾಯಿ ವ್ಯಾಪಾರ. ಮಗಳು ಹೈಸ್ಕೂಲು ಸೇರಿದ ವರ್ಷ, ಎಂ.ಎಸ್ಸಿ. ನರ್ಸಿಂಗ್ ಮಾಡಬೇಕೆಂಬ ನನ್ನ ಹಳೆಯ ಆಸೆ ತಲೆ ಎತ್ತಿತು. ಮನೆಯಲ್ಲಿ ಹೇಳಲು ಸಂಕೋಚ. ಹೇಳಿದಾಗ ಗಂಡ ಕಾಯಿ ವಿಂಗಡಿಸುತ್ತಿದ್ದ ಕೈ ನಿಲ್ಲಿಸದೆಯೇ, "ಓದೋ ಆಸೆ ಐತಲ್ಲ, ಓಗು ಮತ್ತೆ. ಮನೆ ನಾವು ನೋಡ್ಕತೀವಿ" ಅಂದರು. ಅಷ್ಟೇ. ನಾನು ಹಾಸನದ ಕಾಲೇಜೊಂದಕ್ಕೆ ಸೇರಿದೆ.

ತರಗತಿಯಲ್ಲಿ ನಾನೇ ಹಿರಿಯಳು. ಎಲ್ಲರೂ ಅಕ್ಕಾ ಅನ್ನುತ್ತಿದ್ದರು. ಮೊದಲ ಕೆಲವು ವಾರ ಯಾರ ಜೊತೆಗೂ ಹೆಚ್ಚು ಮಾತಿಲ್ಲದೆ, ಬೆಳಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸು ಹತ್ತಿ ಬರುತ್ತಿದ್ದೆ. ಆಮೇಲೆ ಒಂದು ದಿನ ನಮಗೆ ಕಲಿಸುತ್ತಿದ್ದ ಮೇಡಮ್ ಒಂದು ರಟ್ಟಿನ ಪೆಟ್ಟಿಗೆ ಹೊರಿಸಿಕೊಂಡು ತರಗತಿಗೆ ಬಂದರು. ಅದರಲ್ಲಿ ಎಲ್ಲರಿಗೂ ಒಂದೊಂದು ಟ್ಯಾಬ್ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಏಪ್ರನ್ನಿನ ಜೇಬಿಗೆ ಸರಿಯಾಗಿ ಹೋಗುವಂಥದ್ದು.

ಮೇಡಮ್ ಐವತ್ತು ದಾಟಿದವರು. ಕೂದಲಿಗೆ ಬಣ್ಣ ಹಾಕದವರು. ದನಿ ಎತ್ತಿದ್ದನ್ನು ನಾವು ಯಾರೂ ಕೇಳಿರಲಿಲ್ಲ, ಆದರೂ ಅವರು ಬಾಗಿಲಿಗೆ ಬಂದರೆ ಹಿಂದಿನ ಬೆಂಚಿನವರೆಗೂ ಮಾತು ನಿಲ್ಲುತ್ತಿತ್ತು. ಅವರು ನಮ್ಮನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ನನ್ನ ಗುಂಪಿಗೆ ಬಂದವರು ಮೂವರು. ಹೆಸರು ಬೇಡ, ಊರಿನಿಂದಲೇ ಹೇಳುತ್ತೇನೆ. ಕಾಲೇಜಿನಲ್ಲಿ ಅವರನ್ನು ಹಾಗೇ ಗುರುತಿಸುತ್ತಿದ್ದರು. ಹಾಸನದ ಹುಡುಗಿ, ಬಿ.ಎಸ್ಸಿ. ಮುಗಿಸಿ ನೇರ ಬಂದವಳು, ಅವರ ಮನೆಯವರದು ಬಟ್ಟೆ ಅಂಗಡಿ, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಹಿರೀಸಾವೆಯವನು, ಐ.ಸಿ.ಯು.ನಲ್ಲಿ ಕೆಲಸ ಮಾಡಿದ್ದವನು, ಅವನ ಅಪ್ಪನದು ಹೆದ್ದಾರಿ ಪಕ್ಕ ಒಂದು ಹೋಟೆಲು. ಮೂರನೆಯವಳು ಕೊಣನೂರಿನವಳು. ಎರಡು ವರ್ಷದ ಮಗುವನ್ನು ಅತ್ತೆಯ ಕೈಯಲ್ಲಿ ಬಿಟ್ಟು, ಅರಕಲಗೂಡು ಮಾರ್ಗವಾಗಿ ದಿನಾ ಹಾಸನಕ್ಕೆ ಬಂದು ಹೋಗುತ್ತಿದ್ದಳು. ತರಗತಿಯಲ್ಲಿ ಅವಳ ದನಿ ಯಾರೂ ಸರಿಯಾಗಿ ಕೇಳಿರಲಿಲ್ಲ.

ಹಿರೀಸಾವೆಯವನು ಟ್ಯಾಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕಿವಿಯಲ್ಲಿ, "ನಮ್ ಓಟ್ಲಲ್ಲಿ ತಿಂಡಿ ಪಟ್ಟಿ ತೋರ್ಸಕ್ಕೆ ಚೆನ್ನಾಗೈತೆ ಕಣಕ್ಕಾ" ಅಂದ. ನನಗೆ ನಗು ಬಂತು. ಮೇಡಮ್ ನೋಡಿದರು. ನಗು ನುಂಗಿಕೊಂಡೆ.

"ಇದರಲ್ಲಿ ಪುಸ್ತಕ ಇದೆ, ಲೇಖನಗಳಿವೆ, ನೀವು ನಾಲ್ಕೂ ಜನ ಒಟ್ಟಿಗೆ ಬರೆಯೋಕೆ, ಮಾತಾಡೋಕೆ ಜಾಗ ಇದೆ" ಎಂದು ಮೇಡಮ್ ಹೇಳಿದರು. "ಪ್ರತಿ ಪಾಠಾನೂ ನಾಲ್ಕು ಪಾಲು ಮಾಡ್ಕೊಳ್ಳಿ. ನಿಮ್ಮ ಪಾಲನ್ನ ನೀವು ಓದಿ ಬೇರೆ ಮೂವರಿಗೆ ಕಲಿಸಬೇಕು. ಆದರೆ ತರಗತೀಲಿ ನಾನು ನಿಮ್ಮ ಪಾಲು ನಿಮ್ಮನ್ನ ಕೇಳಲ್ಲ. ಇನ್ನೊಬ್ಬರ ಪಾಲು ಕೇಳ್ತೀನಿ. ನೀವು ಹೇಗೆ ಹೇಳ್ತೀರೋ ಅದರ ಮೇಲೆ ನಾಲ್ಕೂ ಜನಕ್ಕೆ ಒಂದೇ ಮಾರ್ಕ್ಸ್."

ತರಗತಿಯಲ್ಲಿ ಗುಸುಗುಸು ಎದ್ದಿತು. ನನ್ನಂತೆ ಒಬ್ಬಳೇ ಕೂತು ಓದಿ ಪಾಸಾದವರಿಗೆ ಇದು ಬಹಳ ಅನ್ಯಾಯವಾಗಿ ಕಂಡಿತು. ಯಾರದೋ ಬಾಯಲ್ಲಿ ನನ್ನ ಮಾರ್ಕ್ಸೇ? ಮೇಡಮ್ ಎಲ್ಲರ ಮುಖ ನೋಡಿ, "ವಾರ್ಡಲ್ಲಿ ರಾತ್ರಿ ಪಾಳಿಯವರು ಹೇಳಿದ್ದನ್ನ ಕೇಳಿಕೊಂಡೇ ತಾನೆ ಬೆಳಗಿನವರು ಪೇಷೆಂಟ್ ನೋಡೋದು?" ಅಂದು, ಪಾಠ ಶುರು ಮಾಡಿಬಿಟ್ಟರು.

ನಮ್ಮ ಮೊದಲ ವಿಷಯ, ಪಕ್ಕೆಯಲ್ಲಿ ಹಾಕುವ ಟ್ಯೂಬಿನ ಆರೈಕೆ. ಶ್ವಾಸಕೋಶದ ಸುತ್ತ ಗಾಳಿಯೋ ನೀರೋ ತುಂಬಿಕೊಂಡವರಿಗೆ ಪಕ್ಕೆಯಲ್ಲಿ ಒಂದು ಟ್ಯೂಬು ಹಾಕಿ, ಅದರ ಇನ್ನೊಂದು ತುದಿಯನ್ನು ನೀರಿರುವ ಬಾಟಲಿಯೊಳಗೆ ಮುಳುಗಿಸಿ ಇಡುತ್ತಾರೆ. ವಾರ್ಡಿನಲ್ಲಿ ನಾನು ಅಂಥ ಬಾಟಲಿಗಳನ್ನು ಎಷ್ಟು ಸಲ ಬದಲಾಯಿಸಿದ್ದೇನೋ. ಆದರೆ ಆ ನೀರು ಯಾಕೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಪಾಲು ಹಾಸನದ ಹುಡುಗಿಗೆ ಹೋಗಿತ್ತು. ಅವಳು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಟೈಪ್ ಮಾಡಿ ನಮ್ಮೆಲ್ಲರ ಟ್ಯಾಬಿಗೆ ಹಾಕಿದಳು. ಚಂದದ ಇಂಗ್ಲಿಷು. ನಾನು ಬಸ್ಸಿನಲ್ಲಿ ಓದಿದೆ, ಮನೆಯಲ್ಲಿ ಓದಿದೆ, ಅರ್ಥವಾಯಿತು ಅಂದುಕೊಂಡೆ.

ತರಗತಿಯಲ್ಲಿ ಮೇಡಮ್ ನನ್ನನ್ನೇ ಎಬ್ಬಿಸಿದರು. "ಬಾಟಲಿಯಲ್ಲಿ ನೀರು ಯಾಕೆ ಇರಬೇಕು, ಹೇಳಿ."

ನಾನು ಎದ್ದು ನಿಂತೆ. ಹುಡುಗಿ ಬರೆದಿದ್ದ ಮೊದಲ ವಾಕ್ಯ ನೆನಪಾಯಿತು. ಎರಡನೆಯದು ಅರ್ಧಕ್ಕೇ ನಿಂತಿತು. ಮೂರನೆಯದು ಬರಲೇ ಇಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ. ಹತ್ತು ವರ್ಷ ಮಾಡಿದ ಕೆಲಸದ ಬಗ್ಗೆ, ನನಗಿಂತ ಎಷ್ಟೋ ಚಿಕ್ಕವರ ಎದುರು ಟ್ಯಾಬು ಹಿಡಿದುಕೊಂಡು ನಿಂತೆ. ಮೇಡಮ್ ನನಗೆ ಕೂರಲು ಹೇಳಿ, ಹಾಸನದ ಹುಡುಗಿಯ ಕಡೆ ತಿರುಗಿದರು. ಮೆತ್ತಗೆ, "ನೀನು ಯಾರಿಗೆ ಕಲಿಸಿದೆ ಮಗಳೆ? ಅಕ್ಕನಿಗೋ, ಟ್ಯಾಬಿಗೋ?" ಅಂದರು.

ಹುಡುಗಿಯ ಕಣ್ಣು ತುಂಬಿತು. ನಾಲ್ವರಿಗೂ ಕಡಿಮೆ ಮಾರ್ಕ್ಸ್ ಬಂತು.

ತರಗತಿ ಬಿಟ್ಟ ಮೇಲೆ ನಾವು ನಾಲ್ವರೂ ಮೆಟ್ಟಿಲ ಮೇಲೆ ಕೂತಿದ್ದೆವು. ಆಗ ಕೊಣನೂರಿನವಳು, ಅದೇ ಮೊದಲ ಸಲ ಅನ್ನಬೇಕು, ತಾನಾಗಿ ಬಾಯಿ ಬಿಟ್ಟಳು.

"ಅಕ್ಕಾ, ನಂಗೂ ಅದು ತಿಳೀಲಿಲ್ಲ. ನೀನು ವಾರ್ಡಲ್ಲಿ ನೋಡಿದ್ದೀಯಲ್ಲ. ಆ ಬಾಟ್ಲಲ್ಲಿ ನೀರಿಲ್ದೆ ಇದ್ರೆ ಏನಾಯ್ತದೆ?"

ನಾನು ಸ್ವಲ್ಪ ಬೇಸರದಿಂದಲೇ ಹೇಳಿದೆ. "ಏನಾಯ್ತದೆ? ಆಚೆ ಗಾಳಿ ಟ್ಯೂಬಲ್ಲಿ ಒಳಕ್ಕೆ ನುಗ್ತದೆ."

"ನೀರಿದ್ರೆ ಯಾಕೆ ನುಗ್ಗಲ್ಲ?"

"ಎಳನೀರಿಗೆ ಸ್ಟ್ರಾ ಹಾಕಿ ಊದು, ಗುಳ್ಳೆ ಬತ್ತದೆ. ಒಳಗಿನ ಗಾಳಿ ಆಚೆ ಹೋಯ್ತು. ಅದೇ ಸ್ಟ್ರಾದಲ್ಲಿ ಎಳ್ಕೋ, ಗಾಳಿ ಬತ್ತದಾ? ತುದಿ ನೀರಲ್ಲಿ ಮುಳುಗೈತಲ್ಲ, ಗಾಳಿಗೆ ದಾರಿ ಇಲ್ಲ. ಆಚೆ ಓಗಕ್ಕೆ ಬಾಗ್ಲು, ಒಳಕ್ಕೆ ಬರಕ್ಕಿಲ್ಲ."

"ಅಂಗಾದ್ರೆ ಬಾಟ್ಲು ಎತ್ತಿ ಮಂಚದ ಮ್ಯಾಲೆ ಇಟ್ಟುಬುಟ್ರೆ?"

"ಅಯ್ಯೋ, ಬಾಟ್ಲು ಯಾವತ್ತೂ ಎದೆಗಿಂತ ಕೆಳಗೇ ಇರ್ಬೇಕು ಕಣೇ. ಮೇಲೆ ಎತ್ತಿದ್ರೆ ಅದರ ನೀರು ವಾಪಸ್ ಎದೆಗೇ ಹರೀತದೆ!" ಅನ್ನುತ್ತಾ ನಾನು ಕೈಯಲ್ಲೇ ಬಾಟಲಿ ಎತ್ತಿ ಇಳಿಸಿ ತೋರಿಸಿದೆ. ಹೇಳುತ್ತಾ ಹೇಳುತ್ತಾ, ಬೆಳಗ್ಗೆ ಬಾಯಿಗೆ ಬಾರದಿದ್ದ ಪಾಠವನ್ನು ಪೂರ್ತಿ ಹೇಳಿ ಮುಗಿಸಿದ್ದೆ. ಕೊಣನೂರಿನವಳು ತನ್ನ ತೊಡೆಯ ಮೇಲಿದ್ದ ಟ್ಯಾಬನ್ನು ಎತ್ತಿ ತೋರಿಸಿದಳು. ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದಳು.

"ಬಸ್ಸಲ್ಲಿ ಇನ್ನೊಂದ್ಸಲ ಕೇಳ್ಕತೀನಿ ಅಂತ ಒತ್ತಿದೆ ಕಣಕ್ಕಾ. ಬೇಜಾರಾ?"

ಹಾಸನದ ಹುಡುಗಿ ಕಣ್ಣೊರೆಸಿಕೊಂಡು, "ನನಗೂ ಕಳಿಸಿ, ಪ್ಲೀಸ್" ಅಂದಳು.

ಅಲ್ಲಿಂದ ನಮ್ಮ ರೀತಿಯೇ ಬದಲಾಯಿತು. ಟೈಪ್ ಮಾಡಿ ಹಾಕುವುದನ್ನು ಬಿಟ್ಟು, ಒಬ್ಬರಿಗೊಬ್ಬರು ಮಾತಿನಲ್ಲಿ ಹೇಳಿ ಕಳಿಸತೊಡಗಿದೆವು. ಕೊಣನೂರಿನವಳ ಬಸ್ಸಿನ ದಾರಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಅದಕ್ಕೆ ಅವಳು ಬೆಳಗ್ಗೆ ಹೊರಡುವ ಮೊದಲೇ ನಮ್ಮ ದನಿಗಳನ್ನೆಲ್ಲ ಇಳಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಿಟಕಿ ಪಕ್ಕ ಕೂತು ಬರುತ್ತಿದ್ದಳು. ಹೊಗೆಸೊಪ್ಪಿನ ಹೊಲ, ಜೋಳದ ಹೊಲ ದಾಟಿ ಹಾಸನದಲ್ಲಿ ಇಳಿಯುವ ಹೊತ್ತಿಗೆ ಅವಳ ಹತ್ತಿರ ಪ್ರಶ್ನೆಗಳು ಸಿದ್ಧವಾಗಿರುತ್ತಿದ್ದವು. ಬಸ್‌ಸ್ಟ್ಯಾಂಡಿನಿಂದಲೇ ಶುರು. "ಅಕ್ಕಾ, ನೀನು ಅಂಗಂದ್ಯಲ್ಲ, ಯಾಕೆ ಅಂಗೆ?"

ಆ ಪ್ರಶ್ನೆಗಳಲ್ಲಿ ಅರ್ಧಕ್ಕೆ ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ. ಹುಡುಗಿ ಕೂಡಲೇ ಟ್ಯಾಬಿನಲ್ಲಿ ಹುಡುಕುವಳು. ಹಿರೀಸಾವೆಯವನು ತಾನು ಐ.ಸಿ.ಯು.ನಲ್ಲಿ ಕಂಡದ್ದನ್ನು ಹೇಳುವನು. ನಾಲ್ವರೂ ಕ್ಯಾಂಟೀನಿನಲ್ಲಿ ತಲೆ ಸೇರಿಸಿ ಕೂತು, ಕಾಫಿ ಆರಿಹೋಗುವವರೆಗೆ ಜಗಳ ಆಡುತ್ತಿದ್ದೆವು. ನಾನು ಜೀವನದಲ್ಲಿ ಕಂಡ ಧೈರ್ಯಗಳಲ್ಲಿ ಕೊಣನೂರಿನವಳದ್ದನ್ನು ಬಹಳ ಮೇಲೆ ಇಡುತ್ತೇನೆ. "ನಂಗೆ ತಿಳೀಲಿಲ್ಲ, ಇನ್ನೊಂದ್ಸಲ ಯೋಳು" ಎನ್ನುವ ಧೈರ್ಯ ಅದು. ನಾವೆಲ್ಲ ತಿಳಿದವರಂತೆ ತಲೆಯಾಡಿಸಿ ತಲೆಯಾಡಿಸಿಯೇ ಪಾಸಾದವರು. ಅವಳು ಹಾಗೆ ಒಮ್ಮೆಯೂ ತಲೆಯಾಡಿಸಲಿಲ್ಲ.

ಮರುವರ್ಷ ನಮ್ಮನ್ನು ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಹಾಕಿದರು. ನನಗೆ ಹೊಳೆನರಸೀಪುರ, ಕೊಣನೂರಿನವಳಿಗೆ ಅರಕಲಗೂಡು, ಹಿರೀಸಾವೆಯವನಿಗೆ ಚನ್ನರಾಯಪಟ್ಟಣ. ಹುಡುಗಿ ಹಾಸನದಲ್ಲೇ ಉಳಿದಳು. ಗುಂಪು ಒಡೆಯಬಾರದು, ದಿನಾ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟ್ಯಾಬಿನಲ್ಲಿ ಸೇರಬೇಕು ಎಂದು ಮೇಡಮ್ ಕಟ್ಟುನಿಟ್ಟು ಮಾಡಿದರು. ಇನ್ನೊಂದು ಕಟ್ಟುನಿಟ್ಟು, ಕೇಳದೆ ಯಾವ ರೋಗಿಯ ಚಿತ್ರವನ್ನೂ ತೆಗೆಯಕೂಡದು, ಒಪ್ಪಿದರೂ ಮುಖ ಬರಕೂಡದು.

ಟ್ಯಾಬಿನಿಂದ ಎಲ್ಲವೂ ಒಳ್ಳೆಯದೇ ಆಯಿತು ಎಂದು ಹೇಳಲಾರೆ. ಮೊದಲ ವಾರವೇ ನಮ್ಮೂರ ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿಯ ಹಾಸಿಗೆ ಪಕ್ಕ ನಿಂತು, ಟ್ಯಾಬಿನಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಗುರುತು ಹಾಕಿಕೊಳ್ಳುತ್ತಿದ್ದೆ. ನಿದ್ದೆ ಬರುತ್ತದಾ, ಹಸಿವು ಹೇಗೆ, ಮಂಡಿ ನೋವು ಯಾವಾಗ ಹೆಚ್ಚು. ಅಜ್ಜಿ ನನ್ನ ಮೊಣಕೈ ಹಿಡಿದು ಎಳೆದರು. ನಾನು ತಲೆ ಎತ್ತಿದೆ.

"ಆಗ್ಲಿಂದ ಆ ಸಿಲೇಟ್ ಕೂಟೆ ಮಾತಾಡ್ತಾ ಇದ್ದೀಯೋ, ನನ್ ಕೂಟೆ ಮಾತಾಡ್ತಾ ಇದ್ದೀಯೋ?" ಅಂದರು ಅಜ್ಜಿ. "ನನ್ ಮಕ ನೋಡವ್ವ. ನೋವು ನಂಗೆ, ಅದ್ಕಲ್ಲ."

ನಾನು ಟ್ಯಾಬನ್ನು ಜೇಬಿಗೆ ಹಾಕಿ, ಮಂಚದ ಅಂಚಿನಲ್ಲಿ ಕೂತು, ಅವರ ಮಂಡಿಯ ಮೇಲೆ ಕೈಯಿಟ್ಟೆ. ಆಮೇಲೆ ಅವರು ಹೇಳಿದ್ದರಲ್ಲಿ ಆ ಪ್ರಶ್ನೆಗಳ ಉತ್ತರಗಳೆಲ್ಲ ಬಂದುಬಿಟ್ಟವು. ಅವತ್ತು ಮಧ್ಯಾಹ್ನ ಟ್ಯಾಬಿನಲ್ಲಿ ಸೇರಿದಾಗ ಇದನ್ನು ಹೇಳಿದೆ. ಹಿರೀಸಾವೆಯವನು ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ನಾವು ನಾವೇ ಒಂದು ಕಟ್ಟಲೆ ಮಾಡಿಕೊಂಡೆವು. ಹಾಸಿಗೆ ಪಕ್ಕ ಟ್ಯಾಬು ಜೇಬಿನಲ್ಲಿರಬೇಕು. ನೋಡಿ, ಮುಟ್ಟಿ, ಮಾತಾಡಿ ಬಂದ ಮೇಲೆ ಬರೆಯುವುದು. ಮೇಡಮ್‌ಗೆ ಹೇಳಿದಾಗ ಅದನ್ನೇ ಇಡೀ ತರಗತಿಗೆ ಕಟ್ಟಲೆ ಮಾಡಿದರು.

ಅದೇ ತಿಂಗಳು ಕೊಣನೂರಿನವಳ ವಾರ್ಡಿಗೆ ಲಕ್ವ ಹೊಡೆದಿದ್ದ ರೈತರೊಬ್ಬರು ಬಂದರು. ಅರವತ್ತರ ಆಸುಪಾಸು. ದೊಡ್ಡಾಸ್ಪತ್ರೆಯಲ್ಲಿ ಅಪಾಯದ ದಿನಗಳು ಕಳೆದು, ಊರಿಗೆ ಹತ್ತಿರ ಅಂತ ಅರಕಲಗೂಡಿಗೆ ಬಂದಿದ್ದರು. ಬಲಗೈ ಬಲಗಾಲು ಬಿದ್ದಿತ್ತು, ಮಾತು ನಿಂತಿತ್ತು. ನುಂಗಲು ಬರುತ್ತಿರಲಿಲ್ಲವಾದ್ದರಿಂದ ಮೂಗಿನ ಮೂಲಕ ಹೊಟ್ಟೆಗೆ ಟ್ಯೂಬು ಹಾಕಿದ್ದರು. ಇನ್ನು ಕೆಲವೇ ದಿನಕ್ಕೆ ಮನೆಗೆ ಹೋಗುವವರು. ಮನೆಯಲ್ಲಿ ಆ ಟ್ಯೂಬಿಗೆ ಗಂಜಿ ಹಾಕಬೇಕಾದವರು ಅವರ ಹೆಂಡತಿ. ಆಯಮ್ಮ ಟ್ಯೂಬಿನ ಹತ್ತಿರ ಬರಲೂ ಹೆದರುತ್ತಿದ್ದರು.

ಕೊಣನೂರಿನವಳು ನಮ್ಮನ್ನು ಕೇಳಿದಳು. "ಆಯಮ್ಮಂಗೆ ಕಲಿಸ್ಬೇಕು. ನಾವು ನಾಲ್ಕೂ ಜನ ಸೇರಿ ಕಲಿಸಾನ?"

ಪಾಲು ಮಾಡಿಕೊಂಡೆವು. ಟ್ಯೂಬಿಗೆ ಗಂಜಿ ಹಾಕುವುದು ಹಿರೀಸಾವೆಯವನದು. ಒರಗಿಸಿ ಕೂರಿಸುವುದು, ಮಗ್ಗುಲು ಬದಲಿಸುವುದು ನನ್ನದು. ಬಾಯಿ, ಚರ್ಮದ ಆರೈಕೆ ಹಾಸನದ ಹುಡುಗಿಯದು. ಆಯಮ್ಮನ ಜೊತೆ ಮಾತು, ಧೈರ್ಯ, ಕೊಣನೂರಿನವಳದು. ಪುಸ್ತಕ, ಲೇಖನ ನೋಡಿ, ನಮ್ಮ ಮೇಡಮ್‌ಗೂ ಅಲ್ಲಿನ ಡಾಕ್ಟರಿಗೂ ತೋರಿಸಿ ಒಪ್ಪಿಗೆ ಪಡೆದು, ಚಿಕ್ಕ ಚಿಕ್ಕ ವಿಡಿಯೋ ಮಾಡಿದೆವು. ರೋಗಿಯ ಬದಲು ಕಾಲೇಜಿನಲ್ಲಿ ಅಭ್ಯಾಸಕ್ಕೆಂದು ಇಟ್ಟಿದ್ದ ಗೊಂಬೆ. ದನಿ ಹಾಸನದ ಹುಡುಗಿಯದು, ಅವಳದು ಸ್ಪಷ್ಟವಾದ ಕಂಠ.

ಆಯಮ್ಮ ಆ ವಿಡಿಯೋ ನೋಡುವಾಗ ನಾವು ಮೂವರೂ ನಮ್ಮ ನಮ್ಮ ಊರಿನಿಂದ ಟ್ಯಾಬಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆವು. "ನಾಸಿಕದ ಮೂಲಕ ಅಳವಡಿಸಲಾದ ನಳಿಕೆಯ ಸ್ಥಾನವನ್ನು ಮೊದಲು ಖಚಿತಪಡಿಸಿಕೊಳ್ಳಿ" ಎಂದು ಹುಡುಗಿಯ ದನಿ ಶುರುವಾಯಿತು. ಅರ್ಧಕ್ಕೇ ಆಯಮ್ಮ ಕೊಣನೂರಿನವಳ ಕಡೆ ತಿರುಗಿದರು.

"ಇದ್ಯಾವೂರ್ ಮಾತವ್ವ? ಇಸ್ಕೂಲಲ್ಲಿ ಪಾಠ ಓದ್ದಂಗೈತೆ. ನಂಗೊಂದೂ ತಿಳೀನಿಲ್ಲ."

ಹುಡುಗಿ ಬೇಜಾರು ಮಾಡಿಕೊಳ್ಳುತ್ತಾಳೆಂದು ನನಗೆ ಭಯವಾಯಿತು. ಆದರೆ ಟ್ಯಾಬಿನಲ್ಲಿ ಅವಳ ನಗು ಕೇಳಿಸಿತು. "ಅಣ್ಣಾ, 'ನಾಸಿಕದ ನಳಿಕೆ'ಗೆ ನಿಮ್ಮ ಮನೇಲಿ ಏನಂತಾರೆ?"

"ಮೂಗಿನ್ ಪೈಪು ಅಂತೀವಿ ಕಣಮ್ಮ. ಇನ್ನೇನಂತಾರೆ?" ಅಂದ ಹಿರೀಸಾವೆಯವನು.

"ಖಚಿತಪಡಿಸಿಕೊಳ್ಳಿ ಅನ್ನೋದಕ್ಕೆ?"

"ಸರ್ಯಾಗೈತಾ ನೋಡ್ಕಳಿ."

ಅವಳು ಅವನನ್ನು ಕೇಳಿ ಕೇಳಿ, ಸಾಲು ಸಾಲನ್ನೂ ಬದಲಿಸಿದಳು. ಕೊನೆಗೆ ದನಿಯನ್ನೂ ಕೊಣನೂರಿನವಳಿಗೇ ಬಿಟ್ಟುಕೊಟ್ಟಳು. ಹೊಸ ವಿಡಿಯೋ ಹೀಗೆ ಶುರುವಾಗುತ್ತಿತ್ತು. "ಅವ್ವಾ, ಮೊದ್ಲು ಕೈ ತೊಳ್ಕಳಿ. ಆಮೇಲೆ ಮೂಗಿನತ್ರ ಪೈಪಿನ ಮ್ಯಾಲೆ ಒಂದು ಕಪ್ಪು ಗುರ್ತು ಐತೆ, ಅದು ಇದ್ದಲ್ಲೇ ಐತಾ ನೋಡಿ. ಆಚೆ ಬಂದಿದ್ರೆ ಗಂಜಿ ಉಯ್ಬೇಡಿ. ತಿರ್ಗಾ ಒಳಕ್ಕೆ ನೀವೇ ತಳ್ಳಲೂ ಬೇಡಿ. ನಂಗೆ ಫೋನ್ ಮಾಡಿ, ಆಸ್ಪತ್ರೆಗೆ ಬನ್ನಿ."

ಆಯಮ್ಮ ಆ ದಿನವೆಲ್ಲ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಮರುದಿನ ತಾವೇ, "ಕೊಡವ್ವ ಇತ್ಲಾಗೆ, ನಾನೇ ಉಯ್ತೀನಿ" ಅಂದರಂತೆ. ಅವರ ಒಪ್ಪಿಗೆ ಪಡೆದು ಕೊಣನೂರಿನವಳು ಬರೀ ಅವರ ಕೈಗಳು ಕಾಣುವಂತೆ ವಿಡಿಯೋ ತೆಗೆದು ನಮಗೆ ಕಳಿಸಿದಳು. ಒರಟು ಕೈಗಳು, ಹಸಿರು ಗಾಜಿನ ಬಳೆ. ಆ ಕೈಗಳು ಮೊದಲು ಗುರುತು ನೋಡಿದವು, ಸಿರಿಂಜು ಸಿಕ್ಕಿಸಿದವು, ಸ್ವಲ್ಪ ನೀರು ಬಿಟ್ಟವು, ಶೋಧಿಸಿದ ರಾಗಿಗಂಜಿ ಹುಯ್ದವು. ಒಂದು ಹನಿಯೂ ಚೆಲ್ಲಲಿಲ್ಲ.

ನನಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಹಿರೀಸಾವೆಯವನು ಮಾತ್ರ, "ಕೈ ಒಸಿ ಕೆಳಗೆ ಇಳ್ಸಕ್ಕೇಳು. ಸಿರಿಂಜು ಅಷ್ಟೆತ್ತರ ಇಡುದ್ರೆ ಗಂಜಿ ಜೋರಾಗಿ ಇಳೀತದೆ, ಹೊಟ್ಟೆ ತೊಳಸ್ತದೆ" ಅಂದ. ನಾನು ಎರಡನೆಯ ಸಲ ನೋಡಿದಾಗ ತಲೆಯ ಕಡೆ ಒಂದು ದಿಂಬು ಕಡಿಮೆ ಅನ್ನಿಸಿತು, ಅದನ್ನು ಹೇಳಿದೆ. ಹುಡುಗಿ, ಗಂಜಿ ಆದ ಮೇಲೆ ನೀರು ಹಾಕಿ ಟ್ಯೂಬು ತೊಳೆಯುವುದನ್ನು ಮರೆತಿದ್ದಾರೆ ಅಂದಳು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಕಂಡಿರಲಿಲ್ಲ. ಕೊಣನೂರಿನವಳು ಮೂರನ್ನೂ ಆಯಮ್ಮನಿಗೆ ಒಟ್ಟಿಗೆ ಹೇಳಲಿಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಹೇಳಿದಳು. ಯಾಕೆಂದು ನಾನು ಕೇಳಿದೆ.

"ಮೂರೂ ತಪ್ಪು ಒಟ್ಗೆ ಯೋಳುದ್ರೆ ಆಯಮ್ಮ ತಿರ್ಗಾ ಎದ್ರುಕತಾರೆ ಕಣಕ್ಕಾ" ಅಂದಳು.

ಇದು ನಮ್ಮ ಯಾವ ಲೇಖನದಲ್ಲೂ ಇರಲಿಲ್ಲ.

ಆ ರೈತರು ಮನೆಗೆ ಹೋದರು. ಕೊಣನೂರಿನ ಆಚೆ, ಹೊಳೆಗೆ ಹತ್ತಿರದ ಹಳ್ಳಿ. ವಿಡಿಯೋಗಳನ್ನು ಅವರ ಸೊಸೆಯ ಫೋನಿಗೆ ಹಾಕಿ ಕೊಟ್ಟೆವು. ಕೆಲವು ದಿನ ಏನೂ ಸುದ್ದಿಯಿರಲಿಲ್ಲ. ಆಮೇಲೆ ಒಂದು ಬೆಳಗ್ಗೆ ನಾನು ಮಗಳಿಗೆ ಜಡೆ ಹಾಕುತ್ತಿರುವಾಗ ಟ್ಯಾಬಿನಲ್ಲಿ ಕೊಣನೂರಿನವಳ ದನಿ ಬಂತು. ಓಡುತ್ತಾ ಮಾತಾಡಿದಂತೆ ಏದುಸಿರು.

"ಆಯಮ್ಮ ಫೋನ್ ಮಾಡಿದ್ರು. ಪೈಪು ಜಾರೈತೆ. ಆಟೋ ಮಾಡ್ಕಂಡು ಬತ್ತಾ ಅವ್ರೆ. ನಾನೂ ಆಸ್ಪತ್ರೆಗೆ ಓಯ್ತಾ ಇವ್ನಿ."

ನಾನು ಬಾಚಣಿಗೆ ಕೆಳಗಿಟ್ಟೆ. ಟ್ಯೂಬು ಮೇಲೆ ಜಾರಿದ್ದು ಗೊತ್ತಾಗದೆ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅಂಥವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೆ. ಹಾಕಿಬಿಟ್ಟಿದ್ದಾರಾ, ಇಲ್ಲವಾ? ಕೇಳೋಣವೆಂದರೆ ಅವಳ ನೆಟ್‌ವರ್ಕ್ ಹೋಗಿತ್ತು. ಹುಡುಗಿ, ಹಿರೀಸಾವೆಯವನು ಇಬ್ಬರೂ ನನ್ನನ್ನೇ ಕೇಳುತ್ತಿದ್ದರು. ನನಗೂ ಗೊತ್ತಿಲ್ಲ ಅಂದೆ. ಅರ್ಧ ಜಡೆಯಲ್ಲಿ ನಿಂತಿದ್ದ ಮಗಳು ನನ್ನ ಮುಖ ನೋಡಿ, ಉಳಿದದ್ದನ್ನು ತಾನೇ ಹಾಕಿಕೊಂಡಳು.

ಅವಳು ಶಾಲೆಗೆ ಹೋಗಿ, ನಾನು ವಾರ್ಡಿಗೆ ತಲುಪಿದ ಮೇಲೆ ಟ್ಯಾಬು ಮತ್ತೆ ಸದ್ದು ಮಾಡಿತು. ಈ ಸಲ ಕೊಣನೂರಿನವಳು ಆಯಮ್ಮನನ್ನೇ ಮಾತಾಡಿಸಿದ್ದಳು.

"ಗಂಜಿ ಕಾಯ್ಸಿ ಆರಾಕಿ ತಂದೆ ಕಣವ್ವ. ನೋಡ್ತೀನಿ, ಗುರ್ತು ಮೂಗಿಂದ ಒಂದು ಗೇಣು ಆಚೆ ಬಂದೈತೆ. ನಮ್ ಸೊಸೆ, ಒಸಿ ಒಳಕ್ಕೆ ತಳ್ಳಿ ಉಯ್ದುಬುಡು ಅತ್ತೆ, ಅಸ್ಕಂಡವ್ರೆ ಅಂದ್ಳು. ಬ್ಯಾಡ ಕಣೇ, ನಮ್ ಸಿಸ್ಟ್ರು ಬ್ಯಾಡ ಅಂದವ್ರೆ ಅಂತ ಗಂಜಿ ಅಲ್ಲೇ ಮಡಗಿ ಬಂದ್ಬುಟ್ಟೆ."

ವಾರ್ಡಿನ ಕಾರಿಡಾರಿನಲ್ಲಿ ನಿಂತು ನಾನು ಅದನ್ನು ಎರಡು ಸಲ ಕೇಳಿದೆ. ಅರಕಲಗೂಡಿನಲ್ಲಿ ಹೊಸ ಟ್ಯೂಬು ಹಾಕಿ, ಸರಿಯಾಗಿದೆಯೆಂದು ನೋಡಿ, ಮಧ್ಯಾಹ್ನದ ಹೊತ್ತಿಗೆ ಅವರನ್ನು ಮನೆಗೆ ಕಳಿಸಿದರು. ಅವತ್ತು ಊಟದ ಹೊತ್ತಿನ ಮಾತುಕತೆಯಲ್ಲಿ ನಾವು ಪಾಠದ ಸುದ್ದಿಯನ್ನೇ ಎತ್ತಲಿಲ್ಲ. ಹಿರೀಸಾವೆಯವನು, "ಆಯಮ್ಮಂಗೆ ಕೊಡ್ಬೇಕು ಎಂ.ಎಸ್ಸಿ.ನ" ಅಂದ. ಹುಡುಗಿ ಮಾತ್ರ, "ನನ್ನ ಮೊದಲನೇ ವಿಡಿಯೋನೇ ಕೊಟ್ಟಿದ್ದಿದ್ರೆ?" ಅಂದಳು. ಅದಕ್ಕೆ ಕೊಣನೂರಿನವಳು, "ಕೊಡ್ಲಿಲ್ವಲ್ಲ, ಬುಡು" ಅಂದಳು. "ಒಳಗಿನ ಇಸ್ಯ ಹುಡುಕಿ ಕೊಟ್ಟೋಳು ನೀನೇ ಅಲ್ವಾ. ನಂಗೆ ಆ ಇಂಗ್ಲಿಷೆಲ್ಲಾ ಎಲ್ಲಿ ಓದಕ್ಕಾಯ್ತಿತ್ತು?"

ತಂತಮ್ಮ ರೋಗಿಯ ಆರೈಕೆಯ ಬಗ್ಗೆ ತರಗತಿಗೆ ಹೇಳುವ ಸೆಮಿನಾರಿಗೆ ನಾವೆಲ್ಲ ಗುಂಪಿನವರೂ ಹಾಸನಕ್ಕೆ ಮರಳಿದೆವು; ಅದಕ್ಕೂ ಹೊಸದಾಗಿ ಪಾಲು ಮಾಡಿಕೊಂಡಿದ್ದೆವು. ಮೇಡಮ್ ಕೊಣನೂರಿನವಳನ್ನು ಎಬ್ಬಿಸಿ, ಹುಡುಗಿಯ ಪಾಲನ್ನು ಕೇಳಿದರು. ಲೇಖನಗಳು ಏನು ಹೇಳುತ್ತವೆ, ಅವುಗಳಲ್ಲಿ ಭೇದ ಎಲ್ಲಿದೆ. ಅಂದರೆ ಎಲ್ಲಕ್ಕಿಂತ ಇಂಗ್ಲಿಷಿನ ಪಾಲು. ಹಿಂದಿನ ವಾರವೆಲ್ಲ ಹುಡುಗಿ ಅವಳಿಗೆ ಬಸ್ಸಿನ ದಾರಿಗೆಂದು ಆ ಲೇಖನಗಳನ್ನು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿ ಕಳಿಸಿದ್ದಳು. ಕೊಣನೂರಿನವಳು ಟ್ಯಾಬನ್ನು ಬೆಂಚಿನ ಮೇಲೆ ಬಿಟ್ಟು ಮುಂದೆ ಹೋದಳು. ಕೈಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತಿದ್ದವು. ಇಂಗ್ಲಿಷು ತಡೆದಲ್ಲಿ ಕನ್ನಡಕ್ಕೆ ಬಂದಳು, ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಹೋದಳು. ಒಂದು ಕಡೆ ನಿಂತು, "ಇದು ನನಗೆ ಸರಿಯಾಗಿ ಗೊತ್ತಿಲ್ಲ ಮೇಡಮ್, ನೋಡಿ ಹೇಳ್ತೀನಿ" ಅಂದಳು. ಆಮೇಲೆ ಮುಂದುವರಿಸಿದಳು. ಅವಳು ಹೇಳಿ ಮುಗಿಸುವಾಗ ನಾನು ಹುಡುಗಿಯ ಕಡೆ ನೋಡಿದೆ. ಸದ್ದಿಲ್ಲದೆ ತುಟಿಯಾಡಿಸುತ್ತಾ ಪೂರ್ತಿ ಅವಳ ಜೊತೆಗೇ ಹೇಳುತ್ತಿದ್ದಳು.

ಮೇಡಮ್ ಹೊಗಳುವವರಲ್ಲ. "ಕೂತ್ಕೊ" ಅಂದರು. ಆಮೇಲೆ ಕನ್ನಡಕ ತೆಗೆದು, "ಗೊತ್ತಿಲ್ಲ ಅಂತ ಹೇಳಿದೆಯಲ್ಲ, ಅದು ಬಹಳ ಚೆನ್ನಾಗಿತ್ತು" ಅಂದರು. ಮಾರ್ಕ್ಸ್ ಎಷ್ಟು ಬಂತೆಂದು ಈಗ ನನಗೆ ನೆನಪಿಲ್ಲ. ಒಳ್ಳೆಯದೇ ಬಂದಿತ್ತು.

ಪರೀಕ್ಷೆಗೆ ಮೊದಲು ಒಂದು ಭಾನುವಾರ ನಾವು ನಾಲ್ವರೂ ಆಯಮ್ಮನ ಯಜಮಾನರನ್ನು ನೋಡಲು ಹೋದೆವು. ಕೊಣನೂರಿನಲ್ಲಿ ಬಸ್ಸಿಳಿದು ಆಟೋದಲ್ಲಿ ಹಳ್ಳಿ ಸೇರಿದೆವು. ಹಿಂದಿನ ವಾರ ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷಿಸಿ ಟ್ಯೂಬು ತೆಗೆದಿದ್ದರು. ಗಟ್ಟಿಯಾದ ಗಂಜಿಯನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕೆಂದು ಹೇಳಿದ್ದರು. ಅವರು ಜಗಲಿಯ ಮೇಲೆ ಗೋಡೆಗೆ ಒರಗಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ನೆಟ್ಟಗೆ ಕೂತಿದ್ದರು. ಬೆನ್ನಿನ ಚರ್ಮ ನೋಡಿದೆ, ಎಲ್ಲೂ ಒಂದು ಗಾಯವಿಲ್ಲ. ಅಷ್ಟು ದಿನ ಮಲಗಿದವರ ಬೆನ್ನು ಹಾಗಿರಬೇಕೆಂದರೆ ಮಗ್ಗುಲು ಬದಲಿಸಲು ಆಯಮ್ಮ ರಾತ್ರಿ ಎಷ್ಟು ಸಲ ಎದ್ದಿದ್ದಾರೆಂದು ನನಗೆ ಗೊತ್ತು.

ಆಯಮ್ಮ ನಮ್ಮೆದುರೇ ಗಂಜಿ ತಂದು, ಅವರ ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಒಂದು ಚಮಚ ಬಾಯಿಗಿಟ್ಟರು. ಅವರು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡು, ನಿಧಾನವಾಗಿ ನುಂಗಿದರು. ಗಂಟಲು ಮೇಲೆ ಹೋಗಿ ಕೆಳಗಿಳಿಯುವುದನ್ನು ನಾವು ನಾಲ್ವರೂ ಬಗ್ಗಿ ನೋಡಿದೆವು. ಕೆಮ್ಮಲಿಲ್ಲ. ಎರಡನೆಯ ಚಮಚಕ್ಕೆ ಅವರು ಎಡಗೈ ಎತ್ತಿ ತಡೆದರು. ತುಟಿ ಒಂದು ಕಡೆಗೆ ಎಳೆಯಿತು. ಏನೋ ಹೇಳಲು ಹೆಣಗಿದರು. ಆಯಮ್ಮ ಬಗ್ಗಿ ಕಿವಿ ಕೊಟ್ಟರು.

"ಉ...ಪ್ಪು" ಅಂದರು ಅವರು.

ಆಯಮ್ಮ ಚಮಚ ಹಿಡಿದುಕೊಂಡೇ ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನೋಡ್ರವ್ವ! ಎಷ್ಟು ತಿಂಗ್ಳಾಯ್ತು ಮಾತು ನಿಂತು. ಬಂದಿದ್ದೇ ಬಂದಿದ್ದು, ನನ್ ಅಡ್ಗೆ ಬೈಯಕ್ಕೇ ಬಂತು!"

ಹಿರೀಸಾವೆಯವನು ನಗುತ್ತಾ ನಗುತ್ತಾ ಹಿತ್ತಿಲ ಕಡೆ ಹೋಗಿಬಿಟ್ಟ. ಕಣ್ಣೊರೆಸಿಕೊಂಡೇ ವಾಪಸು ಬಂದ. ಆಯಮ್ಮ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಬಿಸಿ ಮುದ್ದೆ, ಅವರೆಕಾಳು ಸಾರು. ಹೊರಡುವಾಗ ಕೊಣನೂರಿನವಳ ಎರಡೂ ಕೈ ಹಿಡಿದುಕೊಂಡು, "ನಿನ್ ಮಗೀನ ಒಂದ್ಸಲ ಕರ್ಕಂಬಾ, ನೋಡ್ತೀನಿ" ಅಂದರು.

ನಾವು ಪಾಸಾದೆವು. ಟ್ಯಾಬುಗಳನ್ನು ಒರೆಸಿ, ಮುಂದಿನ ತರಗತಿಯವರಿಗೆಂದು ಅದೇ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆವು. ಹಾಸನದ ಹುಡುಗಿ ಇನ್ನೂ ಮುಂದಕ್ಕೆ ಓದುತ್ತಿದ್ದಾಳೆ. ಹಿರೀಸಾವೆಯವನು ಚನ್ನರಾಯಪಟ್ಟಣದಲ್ಲಿ ಕೆಲಸ ಮಾಡುತ್ತಾನೆ, ಭಾನುವಾರ ಅಪ್ಪನ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಾನೆ. ಕೊಣನೂರಿನವಳು ಈಗ ನರ್ಸಿಂಗ್ ಹುಡುಗಿಯರಿಗೆ ಕಲಿಸುತ್ತಾಳೆ. ಹೋದ ತಿಂಗಳು ಅವಳನ್ನು ನೋಡಲು ಅವಳ ಕಾಲೇಜಿಗೆ ಹೋಗಿದ್ದೆ. ತರಗತಿಯ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಕೇಳಿದೆ. ಒಂದು ಹುಡುಗಿ ಏನನ್ನೋ ಹೇಳಲಾರದೆ ತಡವರಿಸುತ್ತಿದ್ದಳು. ಕೊಣನೂರಿನವಳು ಅವಸರ ಮಾಡದೆ, ಮೇಜಿಗೆ ಒರಗಿ ನಿಂತು ಕಾಯುತ್ತಿದ್ದಳು. ಆ ಹುಡುಗಿಯ ಪಕ್ಕದವಳು ಮೆಲ್ಲಗೆ ಒಂದು ಮಾತು ಎತ್ತಿಕೊಟ್ಟಳು. ತಡವರಿಸುತ್ತಿದ್ದವಳು ಅದನ್ನು ಹಿಡಿದುಕೊಂಡು ಮುಂದೆ ಹೇಳತೊಡಗಿದಳು. ನಾನು ಒಳಗೆ ಹೋಗಲಿಲ್ಲ. ಪಾಠ ಮುಗಿಯಲಿ ಎಂದು ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಕೂತೆ.